ದಯೆ ಯಾರ ಕೆಲಸ?

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ಬಿ.ಇ. ಓದಿ ಸಾಫ್ಟ್‌ವೇರ್ ಕೆಲಸದಲ್ಲಿರುವವನು ಕಂಪ್ಯೂಟರ್ ಬಗ್ಗೆ, ನೌಕರಿ ಬಗ್ಗೆ ಮಾತನಾಡುತ್ತಾನೆ ಎಂದು ನೀವು ಅಂದುಕೊಂಡಿರಬಹುದು. ನಾನು ಇವತ್ತು ದಯೆಯ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ. ಇದಕ್ಕೆ ಎಂಜಿನಿಯರ್ ಯಾಕೆ ಬೇಕು ಎಂದರೆ, ಈಗ ದಯೆ, ದ್ವೇಷ ಎರಡೂ ನಮ್ಮ ಜೇಬಿನಲ್ಲಿರುವ ಫೋನಿನಿಂದಲೇ ಊರೂರು ಸುತ್ತುತ್ತಿವೆ.

ನಮ್ಮ ರಾಜ್ಯದಲ್ಲೇ ನಡೆದ ಎರಡು ಸಂಗತಿಗಳನ್ನು ನೆನಪಿಸುತ್ತೇನೆ.

ಮೊದಲನೆಯದು 2012ರ ಆಗಸ್ಟ್ ತಿಂಗಳದ್ದು. ಅಸ್ಸಾಮಿನಲ್ಲಿ ಗಲಭೆ ನಡೆದಿತ್ತು. ಅದರ ಬೆನ್ನಿಗೆ, ಬೆಂಗಳೂರಿನಲ್ಲಿರುವ ಈಶಾನ್ಯ ರಾಜ್ಯಗಳ ಜನರ ಮೇಲೆ ದಾಳಿಯಾಗುತ್ತದೆ ಎಂಬ ವದಂತಿ ಎಸ್ಸೆಮ್ಮೆಸ್ ಮೂಲಕ ಹಬ್ಬಿತು. ಸೆಕ್ಯುರಿಟಿ ಕೆಲಸದವರು, ಹೋಟೆಲ್ ಕೆಲಸದವರು, ಕಾಲೇಜು ಹುಡುಗರು, ಹುಡುಗಿಯರು ಕೈಗೆ ಸಿಕ್ಕ ಬ್ಯಾಗು ಹಿಡಿದು ರೈಲು ನಿಲ್ದಾಣಕ್ಕೆ ಓಡಿದರು. ರೈಲ್ವೆಯವರು ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ಕೆಲವೇ ದಿನಗಳಲ್ಲಿ ಸಾವಿರಾರು ಮಂದಿ ಊರು ಬಿಟ್ಟರು. ಕೊನೆಗೆ ಕೇಂದ್ರ ಸರ್ಕಾರ ಹದಿನೈದು ದಿನಗಳ ಕಾಲ ದಿನಕ್ಕೆ ಐದೇ ಎಸ್ಸೆಮ್ಮೆಸ್ ಎಂದು ಮಿತಿ ಹಾಕಿತು.

ಎರಡನೆಯದು 2018ರ ಜುಲೈ 13ರಂದು ಬೀದರ್ ಜಿಲ್ಲೆಯಲ್ಲಿ ನಡೆದದ್ದು. ಹೈದರಾಬಾದಿನಿಂದ ಕೆಲವು ಗೆಳೆಯರು ಕಾರಿನಲ್ಲಿ ಆ ಕಡೆ ಬಂದಿದ್ದರು. ದಾರಿಯಲ್ಲಿ ಶಾಲೆಯ ಮಕ್ಕಳನ್ನು ಕಂಡು ಚಾಕಲೇಟ್ ಕೊಟ್ಟರು. ಆ ಸಮಯದಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವದಂತಿ ಎಲ್ಲ ಕಡೆ ಹರಡಿತ್ತು. ಅವರು ಅಲ್ಲಿಂದ ಹೊರಟರೂ ವಾಟ್ಸ್ಆ್ಯಪ್ ಸಂದೇಶ ಅವರಿಗಿಂತ ಮೊದಲು ಮುಂದಿನ ಊರು ಸೇರಿತು. ಮುರ್ಕಿ ಎಂಬ ಗ್ರಾಮದ ಬಳಿ ನೂರಾರು ಜನ ಮುತ್ತಿಗೆ ಹಾಕಿದರು. ಬಿಡಿಸಲು ಹೋದ ಪೊಲೀಸರಿಗೂ ಪೆಟ್ಟು ಬಿತ್ತು. ಒಬ್ಬ ಯುವಕ ಸತ್ತುಹೋದ. ಅವನು ಸಾಫ್ಟ್‌ವೇರ್ ಎಂಜಿನಿಯರ್. ನನ್ನಂಥವನೇ.

ಆ ದಿನಗಳಲ್ಲಿ ದೇಶದ ತುಂಬ ಓಡಾಡಿದ ವಿಡಿಯೊಗಳಲ್ಲಿ ಒಂದರಲ್ಲಿ, ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅದು ನಿಜವಾಗಿ ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಜಾಗೃತಿಗೆಂದು ಮಾಡಿದ ಕಿರುಚಿತ್ರ. ಕೊನೆಯಲ್ಲಿ ಅವರು ಮಗುವನ್ನು ವಾಪಸ್ ತಂದು ಬಿಟ್ಟು, ಮಕ್ಕಳ ಮೇಲೆ ಕಣ್ಣಿಡಿ ಎಂದು ಎಚ್ಚರಿಸುತ್ತಾರೆ. ಯಾರೋ ಆ ಕೊನೆಯ ಭಾಗವನ್ನು ಕತ್ತರಿಸಿ ಹರಿಬಿಟ್ಟರು. ಮಕ್ಕಳನ್ನು ಕಾಪಾಡಲು ಮಾಡಿದ್ದು ಅಮಾಯಕರನ್ನು ಕೊಲ್ಲುವ ನೆಪವಾಯಿತು.

ಇನ್ನು ನನ್ನ ಕಸುಬಿನ ಒಂದು ಮಾತು. ವಾಟ್ಸ್ಆ್ಯಪ್ ಸಂದೇಶ ಮುಚ್ಚಿದ ಲಕೋಟೆ ಇದ್ದ ಹಾಗೆ. ಕಳಿಸಿದವರು ಮತ್ತು ಪಡೆದವರು ಮಾತ್ರ ಅದನ್ನು ಓದಬಲ್ಲರು. ನಡುವೆ ಸಾಗಿಸುವ ಕಂಪನಿಗೂ ಓದಲು ಬರುವುದಿಲ್ಲ. ಇದಕ್ಕೆ ಎಂಡ್-ಟು-ಎಂಡ್ ಎನ್‌ಕ್ರಿಪ್ಷನ್ ಎನ್ನುತ್ತಾರೆ. ನಮ್ಮ ಖಾಸಗಿ ಮಾತಿಗೆ ಇದು ಒಳ್ಳೆಯ ರಕ್ಷಣೆಯೇ. ಆದರೆ ಇದರ ಅರ್ಥ, ಸುಳ್ಳನ್ನು ದಾರಿಯಲ್ಲಿ ತಡೆದು ನಿಲ್ಲಿಸುವ ಕಾವಲುಗಾರ ನಡುವೆ ಯಾರೂ ಇಲ್ಲ. ಕಾವಲು ಇರುವುದು ಎರಡು ತುದಿಯಲ್ಲಿ. ಆ ತುದಿ ನೀವು ಮತ್ತು ನಾನು.

2018ರ ಜುಲೈನಲ್ಲಿ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಫಾರ್ವರ್ಡ್ ಮಾಡುವ ಮಿತಿಯನ್ನು ಕಂಪನಿ ತಂದಿತು. 2020ರ ಏಪ್ರಿಲ್‌ನಲ್ಲಿ, ಬಹಳ ಸಲ ಕೈ ಬದಲಾಯಿಸಿ ಬಂದ ಸಂದೇಶವನ್ನು ಒಮ್ಮೆಗೆ ಒಂದೇ ಕಡೆಗೆ ಕಳಿಸಬಹುದು ಎಂದು ಬಿಗಿ ಮಾಡಿತು. ಅಂಥ ಸಂದೇಶಗಳು ಇದರಿಂದ ಶೇ 70ರಷ್ಟು ಕಡಿಮೆಯಾದವು ಎಂದು ಕಂಪನಿಯೇ ಹೇಳಿತು. ಸ್ವಲ್ಪ ಯೋಚಿಸಿ. ಜನ ಒಂದು ರಾತ್ರಿಯಲ್ಲಿ ಒಳ್ಳೆಯವರಾಗಲಿಲ್ಲ. ಇನ್ನೊಂದು ಸಲ ಒತ್ತಬೇಕಲ್ಲ ಎಂಬ ಸಣ್ಣ ತಡೆ ಬಂತು, ಅಷ್ಟೇ. ನಮ್ಮಲ್ಲಿ ಹೆಚ್ಚಿನವರು ಕ್ರೂರಿಗಳಲ್ಲ, ಅವಸರದವರು. ಯಂತ್ರ ಹಾಕಿದ ತಡೆಯೇ ಇಷ್ಟು ಕೆಲಸ ಮಾಡಿದರೆ, ಮನುಷ್ಯ ತಾನೇ ಹಾಕಿಕೊಂಡ ತಡೆ ಎಷ್ಟು ಮಾಡೀತು?

ನಮ್ಮ ಶಾಲೆಯಲ್ಲಿ ಯಾರಾದರೂ ಇನ್ನೊಬ್ಬರ ಮೇಲೆ ದೂರು ತಂದರೆ ಮೇಷ್ಟ್ರು ಮೊದಲು ಕೇಳುತ್ತಿದ್ದದ್ದು, “ನೀನು ಕಣ್ಣಾರೆ ನೋಡಿದ್ಯಾ, ಯಾರೋ ಹೇಳಿದ್ದಾ?” ಎಂದು. ಅರ್ಧ ದೂರುಗಳು ಅಲ್ಲೇ ಕರಗುತ್ತಿದ್ದವು. ಎಂಜಿನಿಯರಿಂಗ್ ಕಾಲೇಜಿನಲ್ಲಿ ನಾಲ್ಕು ವರ್ಷ ಓದಿದ್ದಕ್ಕಿಂತ ಆ ಒಂದು ಪ್ರಶ್ನೆ ನನಗೆ ಹೆಚ್ಚು ಉಪಯೋಗಕ್ಕೆ ಬಂದಿದೆ.

ಹಿಂದೆ ಎಲ್ಲ ಚೆನ್ನಾಗಿತ್ತು, ಈಗ ಕಾಲ ಕೆಟ್ಟಿದೆ ಎಂದು ನಾನು ಹೇಳುವುದಿಲ್ಲ. ಬೇಸಿಗೆಯಲ್ಲಿ ದಾರಿಹೋಕರಿಗೆ ಅರವಟ್ಟಿಗೆ ಇಟ್ಟು ನೀರು, ಮಜ್ಜಿಗೆ ಕೊಟ್ಟ ನಾಡು ನಮ್ಮದು. ನಿಜ. ಆದರೆ ಬಾಯಾರಿ ಬಂದವನ ಜಾತಿ ಕೇಳಿ, ಕೆಲವರ ಬೊಗಸೆಗೆ ದೂರದಿಂದ ನೀರು ಸುರಿದ ನಾಡೂ ಇದೇ. ಇಲ್ಲಿ ಕುಳಿತಿರುವ ಹಿರಿಯರಿಗೆ ಅದು ಗೊತ್ತು. ಊರಿನ ಎಲ್ಲ ಕೇರಿಯ ಮಕ್ಕಳು ಒಂದೇ ಬೆಂಚಿನಲ್ಲಿ ಭುಜಕ್ಕೆ ಭುಜ ತಾಗಿಸಿ ಕುಳಿತದ್ದು ಇಂಥ ಸರ್ಕಾರಿ ಶಾಲೆಗಳಲ್ಲಿ. ಐವತ್ತು ವರ್ಷ ಈ ಶಾಲೆ ಮಾಡಿದ ದೊಡ್ಡ ಕೆಲಸ ಇದು ಎಂದು ನನ್ನ ಭಾವನೆ. ರ‍್ಯಾಂಕು, ಫಲಿತಾಂಶ ಆಮೇಲಿನದು.

ಹಾಗಾದರೆ ದಯೆ ಯಾರ ಕೆಲಸ? ಸರ್ಕಾರ ಕಾನೂನು ಮಾಡಬಹುದು, ಪೊಲೀಸರು ಬರಬಹುದು, ಕಂಪನಿ ಮಿತಿ ಹಾಕಬಹುದು. ಇವೆಲ್ಲ ಬೇಕು. ನಮ್ಮ ಸಂವಿಧಾನದ 51ಎ ವಿಧಿ ಮಾತ್ರ ಸಾಮರಸ್ಯ, ಸೋದರ ಭಾವ ಬೆಳೆಸುವುದನ್ನು ಪ್ರತಿಯೊಬ್ಬ ನಾಗರಿಕನ ಕರ್ತವ್ಯ ಎನ್ನುತ್ತದೆ. ಗುಂಪಿನ ಕರ್ತವ್ಯ ಎನ್ನುವುದಿಲ್ಲ. ಗುಂಪಿಗೆ ಮುಖವಿಲ್ಲ, ನಾಚಿಕೆಯೂ ಇಲ್ಲ. ಅವೆರಡೂ ಇರುವುದು ಒಬ್ಬೊಬ್ಬ ಮನುಷ್ಯನಿಗೆ.

ಆದ್ದರಿಂದ ನನ್ನ ಮನವಿ ಮೂರು.

ಒಂದು, ಹೆದರಿಸುವ ಅಥವಾ ಒಂದು ಜಾತಿ, ಒಂದು ಧರ್ಮ, ಒಂದು ಊರಿನವರ ಮೇಲೆ ಸಿಟ್ಟು ಬರಿಸುವ ಸಂದೇಶ ಬಂದರೆ ಮೇಷ್ಟ್ರ ಪ್ರಶ್ನೆ ಕೇಳಿ. ಕಳಿಸಿದವರು ಕಣ್ಣಾರೆ ನೋಡಿಲ್ಲ ಎಂದಾದರೆ ಅದು ನಿಮ್ಮ ಫೋನಿನಲ್ಲೇ ಸಾಯಲಿ. ನಿಜವಾದ ಅನುಮಾನವಿದ್ದರೆ 112ಕ್ಕೆ ಕರೆ ಮಾಡಿ. ಮಗು ತೊಂದರೆಯಲ್ಲಿದೆ ಎನಿಸಿದರೆ 1098 ಇದೆ. ಗುಂಪಿಗೆ ಹಾಕಬೇಡಿ.

ಎರಡು, ಸುಳ್ಳು ಕಳಿಸಿದವರ ಮೇಲೂ ದಯೆ ಇರಲಿ. ಮನೆಯ ಹಿರಿಯರು ಹೆಚ್ಚಾಗಿ ಕಾಳಜಿಯಿಂದಲೇ ಕಳಿಸಿರುತ್ತಾರೆ. ಎಲ್ಲರೆದುರು ಗುಂಪಿನಲ್ಲಿ “ಇದು ಫೇಕ್” ಎಂದು ಬರೆದು ಅವಮಾನ ಮಾಡಬೇಡಿ. ಪಕ್ಕದಲ್ಲಿ ಕುಳಿತು, “ದೊಡ್ಡಪ್ಪಾ, ಇದು ಹೀಗಲ್ಲವಂತೆ, ನೋಡಿ” ಎಂದು ತೋರಿಸಿ. ಚುನಾವಣೆ ಬಂದಾಗ ನಮ್ಮ ಬ್ಯಾಚಿನ ಗುಂಪಿನಲ್ಲೂ ಜಗಳವಾಗಿ ಇಬ್ಬರು ಹೊರಗೆ ಹೋದರು. ಅವರನ್ನು ವಾಪಸ್ ತಂದದ್ದು ವಾದವಲ್ಲ. ಒಬ್ಬ ಗೆಳತಿ ಇಬ್ಬರಿಗೂ ಬೇರೆ ಬೇರೆಯಾಗಿ ಫೋನ್ ಮಾಡಿದಳು.

ಮೂರು, ಹೊರಗಿನಿಂದ ಬಂದವರಿಗೆ ಹೆಸರು ಕೇಳಿ. ಬೆಡ್‌ಶೀಟ್ ಮಾರುವವರು, ಬೋರ್‌ವೆಲ್ ಲಾರಿಯ ಹುಡುಗರು, ಬೇರೆ ರಾಜ್ಯದಿಂದ ಕೂಲಿಗೆ ಬಂದವರು ನಮ್ಮ ಊರಿಗೂ ಬರುತ್ತಾರೆ. ಎಲ್ಲಿಯವರು, ಊಟ ಆಯಿತಾ ಎಂದು ಕೇಳಿ ಗುರುತು ಮಾಡಿಕೊಂಡವರನ್ನು ಕಳ್ಳರೆಂದು ಹೊಡೆಯಲು ಕೈ ಏಳುವುದಿಲ್ಲ. ಒಂದು ವೇಳೆ ಜನ ಸೇರಿದರೂ, “ನಿಲ್ಲಿ, ಇವರನ್ನು ನಾನು ಬಲ್ಲೆ” ಎನ್ನಲು ಒಬ್ಬರಾದರೂ ಇರುತ್ತಾರೆ. ಆ ಒಬ್ಬರು ಬೇರೆ ಯಾರಾದರೂ ಆಗಲಿ ಎಂದು ಎಲ್ಲರೂ ಕಾಯುತ್ತಾ ನಿಂತರೆ ಯಾರೂ ಇರುವುದಿಲ್ಲ.

ಮಕ್ಕಳೇ, ನೀವು ನಮಗಿಂತ ಚೆನ್ನಾಗಿ ಫೋನ್ ಬಳಸುತ್ತೀರಿ. ಇವತ್ತು ಮನೆಗೆ ಹೋಗಿ ಅಜ್ಜಿ, ತಾತನಿಗೆ ಒಂದು ವಿಷಯ ಕಲಿಸಿ: ಸಂದೇಶದ ಮೇಲೆ ಎರಡು ಬಾಣದ ಗುರುತಿದ್ದರೆ ಅದು ಎಷ್ಟೋ ಕೈ ದಾಟಿ ಬಂದದ್ದು, ತಕ್ಷಣ ನಂಬಬಾರದು ಎಂದು. ಸುವರ್ಣ ಮಹೋತ್ಸವದ ಲೆಕ್ಕದಲ್ಲಿ ಇದೂ ಶಾಲೆಗೆ ನೀವು ಕೊಟ್ಟ ಒಂದು ಕಾಣಿಕೆ.