ಎರಡು ಕ್ಲಚ್ಚಿನ ಮೋಟಾರು

ಗೌನಿಪಲ್ಲಿಯಿಂದ ಶ್ರೀನಿವಾಸಪುರಕ್ಕೆ ಮೋಟಾರಿನಲ್ಲಿ ಹೊರಟವರು ದಾರಿಯಲ್ಲಿ ಎಷ್ಟು ಸಲ ಗೇರು ಬದಲಿಸಿದರೆಂದು ಎಣಿಸಿರಲಾರರು. ಮುಂದೆ ಮಾವಿನಕಾಯಿ ಹೇರಿದ ಟ್ರ್ಯಾಕ್ಟರು ಸಿಕ್ಕರೆ ಒಂದು ಸಲ, ಅದನ್ನು ದಾಟಿದ ಮೇಲೆ ಇನ್ನೊಂದು ಸಲ. ಎಡಗಾಲು ಕ್ಲಚ್ಚನ್ನು ಒತ್ತಿದ ಆ ಅರೆಗಳಿಗೆ ಎಂಜಿನ್ನಿಗೂ ಚಕ್ರಕ್ಕೂ ಸಂಬಂಧವೇ ಇರುವುದಿಲ್ಲ. ಗಾಡಿ ಹಿಂದಿನ ವೇಗದ ಪುಣ್ಯದಿಂದ ಉರುಳುತ್ತಿರುತ್ತದೆ. ಒಳಗೆ ಕುಳಿತವರ ತಲೆ ಮುಂದಕ್ಕೊಮ್ಮೆ ಹಿಂದಕ್ಕೊಮ್ಮೆ ಆಡುವುದು ಇದರಿಂದಲೇ.

ಎಡಗಾಲಿಗೆ ಕೆಲಸವಿಲ್ಲದ ಕಾರುಗಳು ಈಗ ನಮ್ಮ ಸಣ್ಣ ಊರುಗಳಲ್ಲೂ ಓಡಾಡುತ್ತಿವೆ. ಇವುಗಳಿಗೆ ಕ್ಲಚ್ಚೇ ಇಲ್ಲವೆಂದು ಜನ ಹೇಳುವುದುಂಟು. ಆದರೆ ಅವುಗಳಲ್ಲಿ ಒಂದು ಬಗೆಗೆ ಇರುವುದು ಒಂದಲ್ಲ, ಎರಡು ಕ್ಲಚ್ಚು!

ಕೋಲಾರ ಸೀಮೆಯ ಹಿರಿಯರಿಗೆ ಕಪಿಲೆಬಾವಿಯ ನೆನಪಿರಬಹುದು. ಒಂದೇ ಕಪಿಲೆಯಾದರೆ ಎತ್ತುಗಳು ಹಿಂದಿರುಗುವವರೆಗೆ ಕಾಲುವೆಗೆ ನೀರಿಲ್ಲ. ಎರಡು ಹೂಡಿದರೆ ಒಂದರ ತೊಗಲ ಚೀಲ ಮೇಲೆ ಬಂದು ಸುರಿಯುವಾಗ ಇನ್ನೊಂದು ಕೆಳಗೆ ತುಂಬಿಕೊಳ್ಳುತ್ತಿರುತ್ತದೆ. ಈ ಕಾರಿನ ಉಪಾಯವೂ ಅದೇ. ಒಂದು, ಮೂರು, ಐದನೆಯ ಗೇರುಗಳು ಒಂದು ಷಾಫ್ಟಿನ ಪಾಲು. ಎರಡು, ನಾಲ್ಕು, ಆರು ಇನ್ನೊಂದರ ಪಾಲು. ಒಂದು ಷಾಫ್ಟು ಬಿದಿರಿನಂತೆ ಟೊಳ್ಳು, ಇನ್ನೊಂದು ಅದರೊಳಗೇ ತಿರುಗುತ್ತದೆ. ಒಂದೊಂದಕ್ಕೆ ಒಂದೊಂದು ಕ್ಲಚ್ಚು. ಗಾಡಿ ಮೂರರಲ್ಲಿ ಓಡುತ್ತಿರುವಾಗಲೇ ನಾಲ್ಕು ಸಿದ್ಧವಾಗಿ ಕಾದಿರುತ್ತದೆ. ಹೊತ್ತು ಬಂದಾಗ ಒಂದು ಕ್ಲಚ್ಚು ಬಿಡುತ್ತಿದ್ದಂತೆ ಇನ್ನೊಂದು ಹಿಡಿಯುತ್ತದೆ, ಎಳೆತ ಕಡಿಯುವುದಿಲ್ಲ.

ಮುಂದೆ ಯಾವ ಗೇರು ಬೇಕೆಂದು ಊಹಿಸುವುದು ಕಂಪ್ಯೂಟರಿನ ಕೆಲಸ. ನಾಲ್ಕು ಕಾದಿರುವಾಗ ನೀವು ಥಟ್ಟನೆ ಅಕ್ಸಲೇಟರು ತುಳಿದರೆ, ಅದನ್ನು ಬಿಟ್ಟು ಎರಡಕ್ಕೆ ಇಳಿಯಲು ಗಾಡಿ ಕ್ಷಣಕಾಲ ತಡವರಿಸೀತು. ಜೋಯಿಸರ ಲೆಕ್ಕವೂ ಒಮ್ಮೊಮ್ಮೆ ತಪ್ಪುತ್ತದಲ್ಲ!

ಯೋಚನೆ ಹೊಸದಲ್ಲ. ಫ್ರಾನ್ಸಿನ ಅಡಾಲ್ಫ್ ಕೆಗ್ರೆಸ್ 1939ರಷ್ಟು ಹಿಂದೆಯೇ ಇದನ್ನು ರೂಪಿಸಿದ್ದ. 1980ರ ದಶಕದಲ್ಲಿ ಪೋರ್ಷೆಯವರು ಪಂದ್ಯದ ಕಾರುಗಳಲ್ಲಿ ಓಡಿಸಿ ನೋಡಿದರು. ಮಾರಾಟದ ಕಾರಿನಲ್ಲಿ 2003ರಲ್ಲಿ ತಂದವರು ಫೋಕ್ಸ್‌ವ್ಯಾಗನ್ ಕಂಪನಿಯವರು. ಅವರ ಪೋಲೋ 2013ರಲ್ಲಿ ಇದೇ ಏರ್ಪಾಟಿನೊಡನೆ ನಮ್ಮ ದೇಶದ ಪೇಟೆಗೆ ಬಂತು.

ಕೊಳ್ಳುವವರು ಕೇಳಬೇಕಾದ ಮಾತು ಇನ್ನೊಂದಿದೆ: ಕ್ಲಚ್ಚು ಎಣ್ಣೆಯಲ್ಲಿ ಮುಳುಗಿರುವುದೋ, ಒಣಗಿರುವುದೋ? ತಿಕ್ಕಾಟದ ಕಾವನ್ನು ಎಣ್ಣೆ ಹೊತ್ತೊಯ್ಯುತ್ತದೆ. ಒಣ ಕ್ಲಚ್ಚಿಗೆ ಗಾಳಿಯೊಂದೇ ಗತಿ. ಚಿಂತಾಮಣಿ, ಹೊಸಕೋಟೆ ದಾಟುವವರೆಗೆ ಅದಕ್ಕೇನೂ ಕಷ್ಟವಿಲ್ಲ. ಕೃಷ್ಣರಾಜಪುರದ ವಾಹನಸಂದಣಿಯಲ್ಲಿ ಮಾರು ಮಾರಿಗೂ ನಿಂತು ತೆವಳುವಾಗ ಕ್ಲಚ್ಚು ಪೂರ್ತಿ ಹಿಡಿಯದೆ, ಪೂರ್ತಿ ಬಿಡದೆ ಜಾರುತ್ತಲೇ ಇರುತ್ತದೆ, ಕಾಯುತ್ತದೆ. ಏರಿನಲ್ಲಿ ಬ್ರೇಕು ಒತ್ತದೆ ಅಕ್ಸಲೇಟರಿನಿಂದಲೇ ಗಾಡಿಯನ್ನು ತಡೆದು ನಿಲ್ಲಿಸುವುದಂತೂ ಅದಕ್ಕೆ ಕೊಲೆಗೆ ಸಮ. ಎಡಗಾಲು ಅಲ್ಲಿ ಇಲ್ಲವಾದ್ದರಿಂದ ಕ್ಲಚ್ಚು ಸವೆಯುತ್ತಿರುವುದು ನಡೆಸುವವನಿಗೆ ತಿಳಿಯುವುದೂ ಇಲ್ಲ. ಮುಂದಿನ ಗಾಡಿ ನಾಲ್ಕಾರು ಮಾರು ಹೋಗಲಿ, ಆಮೇಲೆ ಬ್ರೇಕು ಬಿಟ್ಟು ಒಮ್ಮೆಲೇ ಹೊರಡಿ.

ಹಳೆಯ ಗಾಡಿಯ ಕ್ಲಚ್ಚಿನ ತಟ್ಟೆಯನ್ನು ತಾಲ್ಲೂಕಿನ ಯಾವ ಮೆಕ್ಯಾನಿಕ್ಕನಾದರೂ ಬದಲಿಸಿ ಕೊಟ್ಟಾನು. ಈ ಜೋಡಿ ಕ್ಲಚ್ಚಿಗೆ ಬೇರೆ ಹತ್ಯಾರು, ಬೇರೆ ಕಲಿಕೆ ಬೇಕು. ಖರ್ಚೂ ಹಲವು ಪಟ್ಟು. ಯಾರೋ ಓಡಿಸಿದ ಗಾಡಿಯನ್ನು ಕೊಳ್ಳುವಿರಾದರೆ, ಒಂದು ಸಣ್ಣ ಏರಿನಲ್ಲಿ ನಿಲ್ಲಿಸಿ ಮೆಲ್ಲಗೆ ಹೊರಡಿಸಿ ನೋಡಿ. ಗಡಗಡ ನಡುಗಿದರೆ ಹಣದ ಚೀಲವನ್ನು ಅಲ್ಲೇ ಬಿಗಿದುಕೊಳ್ಳಿ.