ಪ್ರಯೋಗಶಾಲೆಯ ವರದಿ

ಇಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಯು ನಾಲ್ಕು ವರ್ಷಗಳಲ್ಲಿ ಬರೆದು ಒಪ್ಪಿಸುವ ವರದಿಗಳ ರಾಶಿ ಸಾಮಾನ್ಯವಾದುದಲ್ಲ. ಅವುಗಳಲ್ಲಿ ಓದತಕ್ಕವು ಎಷ್ಟೆಂದು ಕೇಳಿದರೆ ಉಪಾಧ್ಯಾಯರು ಮುಗುಳ್ನಗುವರು. ಉದ್ದೇಶ, ಉಪಕರಣ, ವಿಧಾನ, ಕೋಷ್ಟಕ, ಲೆಕ್ಕ, ಫಲಿತಾಂಶ, ವಿಮರ್ಶೆ ಎಂಬ ತಲೆಬರಹಗಳು ಎಲ್ಲರಿಗೂ ಬಾಯಿಪಾಠ. ಹಿಂದಿನ ವರ್ಷದವರ ರೆಕಾರ್ಡು ಪುಸ್ತಕವೊಂದು ಕೈಗೆ ಸಿಕ್ಕಿದರೆ ಅವುಗಳ ಕೆಳಗೆ ತುಂಬಬೇಕಾದುದೂ ಸಿಕ್ಕಂತೆಯೇ. ಆ ಕ್ರಮದ ವಿಷಯವಾಗಿ ನಾವು ಹೇಳಬೇಕಾದುದು ಹೆಚ್ಚೇನೂ ಇಲ್ಲ. ಕೋಷ್ಟಕದೊಳಗಣ ಅಂಕಿಗಳ ವಿಷಯವಾಗಿ ಮಾತ್ರ ಒಂದು ಮಾತುಂಟು. ಅದನ್ನು ವಿದ್ಯಾರ್ಥಿದೆಶೆಯಲ್ಲಿ ನಾವೇ ಮಾಡಿದ ತಪ್ಪೊಂದರ ಮೂಲಕ ಹೇಳುವುದು ಲೇಸು.

ಜಲಶಾಸ್ತ್ರದ ಪ್ರಯೋಗಶಾಲೆಯಲ್ಲಿ ಉದ್ದನೆಯ ತೊಟ್ಟಿಯೊಂದರ ಬಾಯಿಗೆ ಲೋಹದ ತಗಡನ್ನು ನಿಲ್ಲಿಸಿ, ಅದರಲ್ಲಿ ಇಂಗ್ಲಿಷಿನ 'ವಿ' ಅಕ್ಷರದಂತೆ ಲಂಬಕೋನದ ಕಚ್ಚೊಂದನ್ನು ಕೊರೆದಿರುತ್ತಾರೆ. ಕಚ್ಚಿನ ತುದಿಯಿಂದ ನೀರಿನ ಮಟ್ಟ ಎಷ್ಟು ಎತ್ತರವಿದೆಯೆಂದು ಅಳೆದರೆ, ಹರಿಯುವ ನೀರಿನ ಪ್ರಮಾಣವನ್ನು ಲೆಕ್ಕದಿಂದ ತಿಳಿಯಬಹುದು. ಲಾರ್ಡ್ ಕೆಲ್ವಿನ್ನರ ಅಣ್ಣ ಜೇಮ್ಸ್ ಥಾಮ್ಸನ್ನರು ಬೆಲ್‌ಫಾಸ್ಟಿನಲ್ಲಿ ಇದನ್ನು ಪರೀಕ್ಷಿಸಿ 1861ರಲ್ಲಿ ಬ್ರಿಟಿಷ್ ಅಸೋಸಿಯೇಷನ್ನಿಗೆ ವರದಿ ಒಪ್ಪಿಸಿದರು. ಹರಿವು ಎತ್ತರದ ಎರಡೂವರೆ ಘಾತಕ್ಕೆ ಅನುಸಾರವಾಗಿ ಹೆಚ್ಚುತ್ತದೆ. ಆದರೆ ನಿಜವಾಗಿ ಹರಿಯುವ ನೀರು ಸಿದ್ಧಾಂತದ ಲೆಕ್ಕಕ್ಕಿಂತ ಕಡಮೆ. ಇವೆರಡರ ಪ್ರಮಾಣವನ್ನು ಗುಣಾಂಕವೆನ್ನುತ್ತಾರೆ. ಅದು ಸುಮಾರು 0.6. ವಿದ್ಯಾರ್ಥಿಯು ಅದನ್ನು ತಾನೇ ಕಂಡುಹಿಡಿಯಬೇಕು.

ಕೊಕ್ಕೆಯ ಅಳತೆಗೋಲಿನಿಂದ ಎತ್ತರವನ್ನು ನೋಡಿದೆವು: 52 ಮಿಲಿಮೀಟರು. ಕೆಳಗಿನ ತೊಟ್ಟಿಯಲ್ಲಿ 100 ಲೀಟರು ತುಂಬಲು 126 ಸೆಕೆಂಡು ಹಿಡಿಯಿತು. ಗುಣಾಂಕ 0.54 ಬಂದಿತು. (ನಾವು 0.5448 ಎಂದೇ ಬರೆದಿದ್ದೆವು; ಮಿಲಿಮೀಟರನ್ನೇ ನೆಟ್ಟಗೆ ಓದಲಾರದವನಿಗೆ ನಾಲ್ಕು ದಶಮಾಂಶಗಳ ಡಂಭವೇಕೆ!) ನೀರಿನ ಎತ್ತರ 102 ಮಿಲಿಮೀಟರಿದ್ದಾಗ 0.57. ಪಕ್ಕದ ಮೇಜಿನವರಿಗೆ 0.60 ಬಂದಿದ್ದಿತು, ಪುಸ್ತಕದಲ್ಲಿಯೂ ಹಾಗೆಯೇ ಇದ್ದಿತು. ರೆಕಾರ್ಡಿಗೆ ಶುದ್ಧಪ್ರತಿ ಬರೆಯುವಾಗ ನಾವು 126 ಸೆಕೆಂಡನ್ನು 114 ಎಂದು ಮಾಡಿದೆವು. ಉಳಿದವೂ ಹಾಗೆಯೇ ಒಂದೊಂದಾಗಿ ಸರಿಹೋದವು.

ಉಪಾಧ್ಯಾಯರು ಕೋಷ್ಟಕವನ್ನು ನೋಡಿ, "ರಫ್ ಪುಸ್ತಕ ಎಲ್ಲಯ್ಯಾ?" ಎಂದು ಮಾತ್ರ ಕೇಳಿದರು. ತಂದುಕೊಟ್ಟೆವು. ಎರಡು ಪುಟಗಳನ್ನೂ ಪಕ್ಕಪಕ್ಕದಲ್ಲಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದು, "ತಪ್ಪಿದ್ದುದು ಕೊಕ್ಕೆಯ ಶೂನ್ಯದಲ್ಲಿ, ನೀವು ತಿದ್ದಿದ್ದು ಗಡಿಯಾರವನ್ನು" ಎಂದರು. ಅವರು ಬೈದಿದ್ದರೆ ನಮಗೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

ಅವರು ಅದನ್ನು ಹೇಗೆ ಕಂಡರೆಂಬುದೇ ಈ ವಿಷಯದ ತಿರುಳು. ನೀರು ಕಚ್ಚಿನ ತುದಿಗೆ ಸಮನಾಗಿ ನಿಂತಾಗ ಕೊಕ್ಕೆ ತೋರಿಸುವ ಅಂಕಿಯನ್ನು ಮೊದಲು ಗುರುತಿಸಬೇಕು, ಅದೇ ಶೂನ್ಯ. ನಾವು ಅಲ್ಲಿ 2 ಮಿಲಿಮೀಟರು ತಪ್ಪಿದ್ದೆವು. ಎತ್ತರ 50 ಇರುವಾಗ ಆ ತಪ್ಪು ನೂರಕ್ಕೆ 4. ಎರಡೂವರೆ ಘಾತಕ್ಕೇರಿದರೆ ಲೆಕ್ಕದಲ್ಲಿ ನೂರಕ್ಕೆ 10. ಎತ್ತರ 100 ಆದಾಗ ಅದೇ ತಪ್ಪಿನ ಫಲ ನೂರಕ್ಕೆ 5ಕ್ಕೆ ಇಳಿಯುತ್ತದೆ. ಆದಕಾರಣವೇ ಗುಣಾಂಕವು 0.54ರಿಂದ 0.57ಕ್ಕೆ ಮೆಲ್ಲಗೆ ಏರುತ್ತಿದ್ದಿತು. ತಿದ್ದದ ಕೋಷ್ಟಕವು ತನ್ನ ದೋಷವೇನೆಂದು ತಾನೇ ಹೇಳುತ್ತಿದ್ದಿತು; ಅದರ ಬಾಯನ್ನು ನಾವು ಮುಚ್ಚಿಸಿದ್ದೆವು.

ಕಾಲೇಜಿನಲ್ಲಿ ಇದರಿಂದ ಹೋಗುವುದು ಕೆಲವು ಮಾರ್ಕುಗಳು. ಆದರೆ ಅದೇ ಕಚ್ಚನ್ನು ಗದ್ದೆಗೆ ಹೋಗುವ ಕಾಲುವೆಯಲ್ಲಿಟ್ಟು ಅದೇ 2 ಮಿಲಿಮೀಟರು ಹೆಚ್ಚಾಗಿ ಓದಿದರೆ, ಕಾಲುವೆಯ ಕೊನೆಯ ರೈತನಿಗೆ ಕೊಡದ ನೀರನ್ನು ಕೊಟ್ಟೆವೆಂದು ಬರೆದಂತಾಯಿತು. ಕಚೇರಿಯಲ್ಲಿ ಕುಳಿತವರು ಕಾಲುವೆಯನ್ನು ನೋಡಿರುವುದಿಲ್ಲ, ವರದಿಯನ್ನಷ್ಟೇ ನೋಡುವರು. ರೈತನು ಬೆಳೆ ಒಣಗಿತೆಂದರೆ, ಲೆಕ್ಕದಲ್ಲಿ ನೀರು ಸರಿಯಾಗಿದೆಯಲ್ಲಾ ಎಂಬ ಉತ್ತರ ಅವನಿಗೆ ದೊರೆಯುವುದು.

ಮುಂದಿನ ವಾರ ಪ್ರಯೋಗವನ್ನು ಮತ್ತೆ ಮಾಡಿದೆವು. ಶೂನ್ಯವನ್ನು ಮೂರು ಬಾರಿ ನೋಡಿದೆವು. ತಪ್ಪಿದ ಅಂಕಿಯನ್ನು ರಬ್ಬರಿನಿಂದ ಉಜ್ಜದೆ, ಓದಲು ಬರುವಂತೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಸರಿಯಾದುದನ್ನು ಬರೆದೆವು. ಗುಣಾಂಕವು ಒಮ್ಮೆ 0.59, ಒಮ್ಮೆ 0.61 ಬಂದಿತು. ವಿಮರ್ಶೆಯ ಭಾಗದಲ್ಲಿ ಹಿಂದಿನ ವಾರದ ಕೋಷ್ಟಕವನ್ನೂ ಸೇರಿಸಿ, 126 ಸೆಕೆಂಡನ್ನು 126 ಎಂದೇ ಬರೆದು ಒಪ್ಪಿಸಿದೆವು.