ದಾಸ್ತಾನು ಎಲ್ಲಿ ಹೋಯಿತು?

(ಪುಣೆಯ ಕನ್ನಡಿಗರ ಸಭೆಯೊಂದರಲ್ಲಿ ಮಾಡಿದ ಭಾಷಣ)



ಪಿಂಪ್ರಿ, ಚಿಂಚವಾಡ, ಭೋಸರಿಗಳ ಕಾರ್ಖಾನೆಗಳಲ್ಲಿ ಬೆವರು ಸುರಿಸಿದ ಅನೇಕರು ಇಲ್ಲಿದ್ದೀರಿ. ‘ಜಸ್ಟ್ ಇನ್ ಟೈಮ್’ ಎಂಬ ಮಾತು ನಿಮಗೆ ಹೊಸದಲ್ಲ. ಬೇಕಾದ ವಸ್ತು, ಬೇಕಾದ ಹೊತ್ತಿಗೆ, ಬೇಕಾದಷ್ಟೇ ಬರಬೇಕೆಂಬುದು ಅದರ ತಿರುಳು.

ಈ ಪದ್ಧತಿ ಹುಟ್ಟಿದ್ದು ಸಮೃದ್ಧಿಯಲ್ಲಲ್ಲ, ಅಭಾವದಲ್ಲಿ. ಯುದ್ಧದಲ್ಲಿ ಸೋತ ಜಪಾನಿನಲ್ಲಿ ಟೊಯೋಟಾ ಕಂಪನಿ 1950ರ ಹೊತ್ತಿಗೆ ದಿವಾಳಿಯ ಅಂಚಿಗೆ ಬಂದಿತ್ತು. ಸ್ಥಾಪಕ ಕಿಯಿಚಿರೊ ಟೊಯೋಡಾ ಯುದ್ಧಕ್ಕೆ ಮೊದಲೇ ಕಂಡಿದ್ದ ವಿಚಾರವನ್ನು ತೈಯಿಚಿ ಓನೊ ಎಂಬ ಇಂಜಿನಿಯರು ಕಾರ್ಯರೂಪಕ್ಕೆ ತಂದರು. ಅಮೆರಿಕದ ಸೂಪರ್ ಮಾರ್ಕೆಟ್ಟಿನಲ್ಲಿ ಗಿರಾಕಿ ಕೊಂಡೊಯ್ದಷ್ಟನ್ನೇ ಮತ್ತೆ ಕಪಾಟಿಗೆ ತುಂಬುವ ಕ್ರಮ ಅವರಿಗೆ ಮಾದರಿಯಾಯಿತು. ಮುಂದಿನ ವಿಭಾಗದಿಂದ ‘ಕಾನ್‌ಬಾನ್’ ಚೀಟಿ ಬಂದರೆ ಮಾತ್ರ ಹಿಂದಿನ ವಿಭಾಗ ಬಿಡಿಭಾಗ ತಯಾರಿಸಬೇಕು. ಓನೊ ಎಣಿಸಿದ ಏಳು ಬಗೆಯ ಪೋಲುಗಳಲ್ಲಿ ಅತಿ ಉತ್ಪಾದನೆಯೇ ಮೊದಲನೆಯದು. ಏಕೆಂದರೆ ದಾಸ್ತಾನಿನ ರಾಶಿ ಯಂತ್ರದ ದೋಷವನ್ನೂ ಯೋಜನೆಯ ತಪ್ಪನ್ನೂ ಮುಚ್ಚಿಡುತ್ತದೆ.

ಆದರೆ ಇದಕ್ಕೊಂದು ಕರಾರಿದೆ. ಬೇಡಿಕೆಯನ್ನು ದಿನದಿನಕ್ಕೆ ಸಮನಾಗಿ ಹಂಚುವ ಹೊಣೆ ಕೊಳ್ಳುವವನದು. ನಮ್ಮಲ್ಲಿಗೆ ಚೀಟಿ ಬಂತು, ಕರಾರು ಬರಲಿಲ್ಲ. ನನ್ನ ದೊಡ್ಡ ಗಿರಾಕಿಯೊಬ್ಬರು ಉಗ್ರಾಣ ಖಾಲಿಯಾಯಿತೆಂದು ಹೆಮ್ಮೆಪಟ್ಟ ವರ್ಷ ಭೋಸರಿಯ ನನ್ನ ಷೆಡ್ಡಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಒಂದು ವಾರ 500 ಬುಷ್, ಮರುವಾರ 2,000. ಬೆಳಿಗ್ಗೆ ಕೇಳಿದ್ದು ಸಂಜೆ ಗೇಟಿಗೆ ಮುಟ್ಟಬೇಕು, ತಡವಾದರೆ ದಂಡ. ಹಾಗಾಗಿ ಮೂರು ವಾರಗಳ ಮಾಲನ್ನು ಬ್ಯಾಂಕಿನ ಸಾಲದಲ್ಲಿ ನಾನೇ ಪೇರಿಸಿಟ್ಟೆ. ಬಿಲ್ಲಿನ ಹಣ ಕೈಗೆ ಬಂದದ್ದು ನಾಲ್ಕು ತಿಂಗಳಿಗೆ. ಸಣ್ಣ ಉದ್ದಿಮೆಗಳಿಗಾಗಿ ಬಂದ 2006ರ ಕಾಯ್ದೆ 45 ದಿನಗಳ ಗಡುವನ್ನೇನೋ ವಿಧಿಸಿದೆ. ದೂರು ಕೊಟ್ಟವನಿಗೆ ಮುಂದಿನ ಆರ್ಡರು ಕೊಡುವವರು ಯಾರು?

ಜಪಾನಿನಲ್ಲಿ ಸಣ್ಣವರ ಮೇಲೆ ಒತ್ತಡವಿಲ್ಲವೆಂದಲ್ಲ. ಆದರೂ ಅಲ್ಲಿಯ ಒಂದು ಘಟನೆ ನೆನೆಯತಕ್ಕದ್ದು. 1997ರ ಫೆಬ್ರವರಿ 1ರಂದು ಐಸಿನ್ ಕಂಪನಿಯ ಕಾರಿಯಾ ಕಾರ್ಖಾನೆಗೆ ಬೆಂಕಿ ಬಿದ್ದು ಬ್ರೇಕಿನ ಕವಾಟಗಳ ಪೂರೈಕೆ ಕಡಿದುಹೋಯಿತು. ಟೊಯೋಟಾದ ಕಾರ್ಖಾನೆಗಳೂ ನಿಂತವು. ಆಗ ಅನೇಕ ಪೂರೈಕೆದಾರರು ತಮ್ಮ ಯಂತ್ರಗಳನ್ನು ಆ ಕವಾಟಕ್ಕೆ ಹೊಂದಿಸಿಕೊಂಡು ಕೆಲವೇ ದಿನಗಳಲ್ಲಿ ಕೆಲಸ ಮತ್ತೆ ನಡೆಯುವಂತೆ ಮಾಡಿದರು. ಖಾಲಿ ಉಗ್ರಾಣವನ್ನು ಕಾಯುವುದು ಇಂಥ ಪರಸ್ಪರ ನಂಬಿಕೆಯೇ ಹೊರತು ದಂಡದ ಭಯವಲ್ಲ.

ದಾಸ್ತಾನನ್ನು ಇಲ್ಲವಾಗಿಸುವುದು ಬೇರೆ, ಬಡವನ ಹಿತ್ತಲಿಗೆ ಸಾಗಿಸುವುದು ಬೇರೆ. ಖರೀದಿ ವಿಭಾಗಗಳಲ್ಲಿ ದುಡಿಯುವ ಕನ್ನಡಿಗರೂ ಈ ಸಭೆಯಲ್ಲಿದ್ದೀರಿ. ನಿಮ್ಮಲ್ಲಿ ನನ್ನ ವಿನಂತಿ ಇಷ್ಟೆ: ತಿಂಗಳ ಬೇಡಿಕೆಯನ್ನು ಮೊದಲೇ ತಿಳಿಸಿ, ಸಮನಾಗಿ ಹಂಚಿ. ವಸ್ತು ಸಕಾಲಕ್ಕೆ ಬರಬೇಕೆನ್ನುವವರು ಹಣವನ್ನೂ ಸಕಾಲಕ್ಕೆ ಕೊಡಬೇಕು.